ಎಲ್ಲರೂ ವಾಸಿಯಾದ ಮೇಲೆ

ಅಳುವನ್ನು ಯಾರು ಬೇಕಾದರೂ ಬರೆದಾರು. ನೆಮ್ಮದಿಯನ್ನು ಬರೆದು ಗೆಲ್ಲಬೇಕು, ಆಗ ತಿಳಿಯುತ್ತದೆ ಸಂಭಾಷಣೆಕಾರನ ತಾಕತ್ತು! ನಾನು ಹೀಗೆಂದು ಮನೆಯಲ್ಲಿ ಘೋಷಿಸಿದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ಬರೆಯುವ ಟಿವಿ ಧಾರಾವಾಹಿಯ ಮೊದಲ ಭಾಗದಲ್ಲಿ ಗಂಡ ಹೆಂಡತಿ ವರ್ಷಗಟ್ಟಲೆ ಅತ್ತು, ಬೇರೆಯಾಗಿ, ಆಪ್ತಸಮಾಲೋಚಕಿಯ ಮುಂದೆ ಕೂತು, ಕೊನೆಗೆ ಮನಸ್ಸಿನ ಗಾಯ ಮಾಯ್ದು ಒಂದಾಗಿದ್ದರು. ಎರಡನೇ ಭಾಗ ಅಲ್ಲಿಂದ ಮುಂದಿನ ಸಂಸಾರದ ಕಥೆ.

"ನಿನ್ನ ಭಾವನೆ ನನಗೆ ಅರ್ಥವಾಗುತ್ತದೆ" ಎಂದು ಗಂಡನಿಂದ ಹೇಳಿಸಿದೆ. "ನಿಮಗೆ ಅರ್ಥವಾಗಿದ್ದು ನನಗೂ ಅರ್ಥವಾಯಿತು" ಎಂದಳು ಹೆಂಡತಿ. ತಾಲೀಮಿನಲ್ಲಿ ನಟ ನಟಿ ಇಬ್ಬರೂ ಮುಗುಳ್ನಗುತ್ತ ನಿಂತೇ ಇದ್ದರು. ಕ್ಯಾಮೆರಾದವನು ಆಕಳಿಸಿದ.

"ಇವರೇನು ವಾಸಿಯಾದೋರಾ, ಇಲ್ಲ ಯಾರಾದ್ರೂ ಅರಿವಳಿಕೆ ಕೊಟ್ಟಿದಾರಾ?" ಎಂದರು ನಿರ್ದೇಶಕಿ. "ಸಂಜೆಯೊಳಗೆ ಹೊಸ ದೃಶ್ಯ ಕಳಿಸಿ. ಇಲ್ದಿದ್ರೆ ಬೇರೆಯವರಿಂದ ಬರೆಸ್ಕೋತೀನಿ."

ಅಲ್ಲಿಂದ ಸೀದಾ ಮನೆಗೆ ಓಡಿದೆ. ಮನೆಮನೆಗೆ ಕಣ್ಣೀರು ಹಂಚಿದವನಿಗೆ ಬೇರೆ ಕಸುಬು ಬರುವುದಿಲ್ಲ.

ಮೊಬೈಲ್‌ನಲ್ಲಿ ರೆಕಾರ್ಡರ್ ಹಾಕಿಕೊಂಡು, ಓಡಾಡುತ್ತ ಎಲ್ಲ ಪಾತ್ರಗಳನ್ನೂ ನಾನೇ ಮಾತಾಡಿ ಕಳಿಸುವುದು ನನ್ನ ರೂಢಿ. ಮಲಗುವ ಕೋಣೆಗೆ ಹೋಗಿ ಗಂಟಲು ಸರಿಮಾಡಿಕೊಂಡು "ಪ್ರಿಯೆ, ನಿನ್ನ ಮೌನವೂ ನನಗೆ..." ಎನ್ನುವಷ್ಟರಲ್ಲಿ ಹೆಂಡತಿ ಬಂದಳು.

"ರೀ, ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ."

"ನೆಮ್ಮದಿ ಬರೀತಿದೀನಿ ಕಣೇ, ತಲೆ ತಿನ್ಬೇಡ."

"ನೆಮ್ಮದಿ ಆಮೇಲೆ ಬರೀರಿ. ನಾನು ಮಲಗೋ ಕಡೆ ನೆಂದುಹೋಗಿದೆ."

"ಹೋದ ವರ್ಷ ಇದೇ ಟವೆಲ್ ವಿಷಯಕ್ಕೆ ನೀನು ತವರಿಗೆ ಹೊರಟಿದ್ದೆ. ಈಗ್ಲೂ ಹೊರಡ್ತೀಯಾ?"

"ಇಲ್ಲಪ್ಪ. ಈ ಸಲ ಒದ್ದೆ ಕಡೆ ನೀವು ಮಲ್ಕೊಳ್ಳಿ. ಬನ್ನಿ, ಊಟ ಆರ್ತಿದೆ."

ಉಂಡು ಬಂದು, ಬಾಗಿಲು ಹಾಕಿಕೊಂಡು, ಇನ್ನೊಂದು ಘನಗಂಭೀರ ದೃಶ್ಯ ಮಾತಾಡಿ ಮುಗಿಸಿದೆ. ಅವಸರದಲ್ಲಿ ಕಳಿಸಿದೆ. ಆಮೇಲೆ ನೋಡಿದರೆ ಹೋಗಿದ್ದು ಮೊದಲು ರೆಕಾರ್ಡ್ ಆಗಿದ್ದ ಟವೆಲ್ ಜಗಳ! ಅಳಿಸೋಣವೆಂದರೆ ನಿರ್ದೇಶಕಿ ಆಗಲೇ ಕೇಳಿಬಿಟ್ಟಿದ್ದರು.

"ಮುಗೀತು. ನಮ್ಮ ಜಗಳಾನೇ ಮೇಡಂಗೆ ಕಳಿಸ್ಬಿಟ್ಟೆ. ಕೆಲಸಾನೂ ಹೋಯ್ತು, ಮರ್ಯಾದೇನೂ ಹೋಯ್ತು" ಎಂದು ತಲೆಮೇಲೆ ಕೈಹೊತ್ತು ಕೂತೆ.

ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ಅದಿರಲಿ, ಅದರಲ್ಲಿ ನನ್ನ ದನಿ ಚೆನ್ನಾಗಿ ಬಂದಿದೆಯಾ?"

ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಇದು ನೋಡಿ ವಾಸಿಯಾದ ಮನೆ!" ನಿರ್ದೇಶಕಿ ನಗುತ್ತಿದ್ದರು. "ಬೈತಾ ಬೈತಾನೇ ಊಟಕ್ಕೆ ಕರೀತಾಳಲ್ಲ, ನಂಗೆ ಇದೇ ಬೇಕಾಗಿತ್ತು. ಇಡೀ ಧಾರಾವಾಹಿ ಹೀಗೇ ಹೋಗ್ಲಿ. ಆ ಹೆಣ್ಣು ದನಿ ಯಾರದು?"

ನನಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಮುಖದಲ್ಲೂ ನಗು ಅರಳಿತು. ಅಷ್ಟಕ್ಕೇ ಸುಮ್ಮನಿರಬಾರದೇ ನಾನು?

"ನಮ್ಮನೆಯವಳದು ಮೇಡಂ. ತುಂಬ ತಲೆ ಕೆಡಿಸ್ಕೊಂಡು ನಾನೇ ಬರೆದು, ಅವಳ ಕೈಲಿ ಓದಿಸಿದೆ."

"ಹೆಂಡತಿ ಮಾತು ಒಂದಕ್ಷರಾನೂ ಬದಲಾಯಿಸ್ಬೇಡಿ. ಆದ್ರೆ ಗಂಡನ ಪಾತ್ರ ಯಾಕೋ ಸಹಜವಾಗಿಲ್ಲ. ಇಂಥ ಪೆದ್ದ ಯಾರ ಮನೇಲಿರ್ತಾನೆ ಹೇಳಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನಿನ ಕಡೆಗೆ ಬಾಗಿದಳು.

"ನೀವು ಯೋಚನೆ ಮಾಡ್ಬೇಡಿ ಮೇಡಂ. ನಾಳೆಯಿಂದ ಅವನಿಗೆ ಮಾತೇ ಇಲ್ದ ಹಾಗೆ ನಾನು ನೋಡ್ಕೋತೀನಿ."