ನೂರಕ್ಕೆ ನೂರು ಹೂಂ

ಎಲ್ಲಕ್ಕೂ ಮೂಲ ಅವನ ಬಾಯಿಯ ಒಂದು 'ಹೂಂ'. ಕಿಟಕಿಯಾಚೆ ಮೋಡವೊಂದು ಕಂಡರೆ ಸಾಕು, ಮನಸ್ಸು ಅದರ ಬೆನ್ನು ಹತ್ತಿ ಹೋಗಿಬಿಡುತ್ತಿತ್ತು. ಬಾಯಿ ಮಾತ್ರ ಇಲ್ಲೇ ಕುಳಿತು ಬಂದವರಿಗೆಲ್ಲ ಹೂಂಗುಟ್ಟುತ್ತಿತ್ತು. ಅಕ್ಕಪಕ್ಕದವರು ಅವನನ್ನು ಕರೆಯುತ್ತಿದ್ದದ್ದೇ ಹೂಂರಾಯ ಎಂದು.

ಅವನ ಕೆಲಸವೂ ಹೂಂಗಳದ್ದೇ. ತಾರಸಿಯ ನೀರಿನ ಟ್ಯಾಂಕಿನ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಅಂಗಿ ಗುಂಡಿಯಷ್ಟು ಬ್ಯಾಟರಿಯಲ್ಲಿ ಎರಡು ವರ್ಷ ಬದುಕಬೇಕಾದ್ದರಿಂದ ಅದು ಮಾತಾಡುವುದೇ ಪಿಸುದನಿಯಲ್ಲಿ: ನಿಮಿಷಕ್ಕೊಮ್ಮೆ, ತಂತಿಯಿಲ್ಲದೆ, 'ನೀರು ಇಷ್ಟಿದೆ'. ಕೆಳಗೆ ಮನೆಯಲ್ಲಿ ಇವನ ಮೇಜಿನ ಮೇಲಿನ ಯಂತ್ರ ಅದನ್ನು ಕೇಳಿಸಿಕೊಂಡು 'ಹೂಂ, ಬಂತು' ಎನ್ನಬೇಕು. ನೂರರಲ್ಲಿ ಎಷ್ಟು ಸಂದೇಶ ತಲುಪಿದವೆಂದು ಇವನು ಅಳೆಯಬೇಕು. ಆ ದಿನ ಸಂಜೆ ಐದರೊಳಗೆ ತೊಂಬತ್ತು ದಾಟಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಊರಾಚೆಯ ಉಗ್ರಾಣದಲ್ಲಿ ಬ್ಯಾಟರಿ ಬದಲಿಸುತ್ತ ಕೂರಬೇಕು.

ಬೆಳಗಿನ ಮೊದಲ ನೂರರಲ್ಲಿ ತಲುಪಿದ್ದು ನಲವತ್ತು. ಎದ್ದುಬಿದ್ದು ತಾರಸಿಗೆ ಓಡಿದರೆ, ಡಬ್ಬಿಯ ಸುತ್ತ ಮೇಲ್ಮನೆ ಅಜ್ಜಿಯ ಒದ್ದೆ ಬೆಡ್‌ಶೀಟುಗಳು ಹಡಗಿನ ಹಾಯಿಯಂತೆ ಉಬ್ಬಿ ತೇಲುತ್ತಿದ್ದವು. ಅವನು ಅರೆಗಳಿಗೆ ಆ ಹಡಗನ್ನೂ ಹತ್ತಿ ಬಂದ.

"ಅಜ್ಜೀ, ಒದ್ದೆ ಬಟ್ಟೆ ನನ್ನ ಸಂದೇಶಾನೆಲ್ಲ ಕುಡಿದುಬಿಡುತ್ತೆ!"

"ಅಲ್ಲಪ್ಪಾ, ಇವು ಸೋಪಿನ ನೀರನ್ನೇ ಸರಿಯಾಗಿ ಕುಡಿಯಲ್ಲ, ನಿನ್ನ ಮಾತು ಕುಡಿಯುತ್ವಾ?"

ಅಜ್ಜಿ ಗೊಣಗುತ್ತ ಬಟ್ಟೆ ಸರಿಸಿದರು. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಡ್ರೈವರಿಗೆ ಕರುಣೆ ಉಕ್ಕಿತು. "ಪಾಪ, ಬಿಸಿಲಲ್ಲಿ ಡಬ್ಬಿಗೆ ಗಂಟಲು ಕಟ್ಟಿದೆ ಕಣಯ್ಯಾ" ಎಂದವರೇ, ಇವನು ಕೆಳಗಿಳಿದ ಮೇಲೆ ಡಬ್ಬಿಯ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ ಕವುಚಿದರು. ಎರಡನೆಯ ನೂರರಲ್ಲಿ ತಗಡನ್ನು ದಾಟಿ ಬಂದದ್ದು ಮೂರೇ ಮೂರು. ಮತ್ತೆ ಮೇಲೆ ಓಡಿ ತಗಡನ್ನು ಕಿತ್ತೆಸೆದು ಬಂದ. ಐದರೊಳಗೆ ಇನ್ನೊಂದೇ ನೂರಕ್ಕೆ ಸಮಯವಿತ್ತು.

ಊಟವಾದ ಮೇಲೆ ಕೊನೆಯ ನೂರು. ಕಿಟಕಿಯ ಪರದೆ ನಿದ್ದೆಯಲ್ಲಿರುವವರ ಹಾಗೆ ಉಸಿರಾಡುತ್ತಿತ್ತು. ಹೆಂಡತಿ ಬಂದು ಏನೋ ಹೇಳಿದಳು. "ಹೂಂ" ಎಂದ. ಇನ್ನೊಮ್ಮೆ ಹೇಳಿದಳು. "ಹೂಂ." ನೋಡುತ್ತಿದ್ದಂತೆ ಅಂಕಿ ಒಂದೂ ತಪ್ಪದೆ ಏರತೊಡಗಿತು. ಅರವತ್ತು, ಎಂಬತ್ತು, ನೂರಕ್ಕೆ ನೂರು! ಅವನ ಕಣ್ಣು ತುಂಬಿಬಂತು.

ಐದಕ್ಕೆ ಕಂಪನಿಯ ಸಾಹೇಬರ ಫೋನು. ಸ್ಪೀಕರಿಗೆ ಹಾಕಿ ಅಂಕಿ ಹೇಳಿದ. "ಭೇಷ್!" ಎಂದದ್ದು ಕೇಳಿಸಿತು. ಮುಂದಿನದು ಕೇಳಿಸುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಕೈಯಿರುವ ಕುರ್ಚಿಯಲ್ಲಿ ಕುಳಿತು, ಬಾಗಿಲಿಗೆ ಹೆಸರಿನ ಹಲಗೆ ಹೊಡೆಸುತ್ತಿದ್ದ.

"...ಒಪ್ಪಿಗೆ ತಾನೇ?"

"ಹೂಂ ಸಾರ್!"

ಫೋನಿಟ್ಟು ತಿರುಗಿದರೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಈಗಲಾದ್ರೂ ಆ ಡಬ್ಬೀನ ಮೇಲಿಡ್ಲಾ?"

"ಯಾವ ಡಬ್ಬಿ?"

"ನಿಮ್ಮ ಬೆನ್ನ ಹಿಂದೆ ಶೆಲ್ಫಲ್ಲಿದೆಯಲ್ಲ, ಅದು! 'ಪಾಪ, ಇದನ್ನೇ ಕಾಯ್ತಾ ಕೂತಿದಾನೆ, ಹತ್ರಾನೇ ಇರ್ಲಿ' ಅಂತ ಅಜ್ಜಿ ತಂದುಕೊಟ್ರು. ಎರಡು ಸಲ ಹೇಳ್ದೆ, ಎರಡು ಸಲಾನೂ ಹೂಂ ಅಂದ್ರಿ."

ಅವನು ಮತ್ತೆ ಫೋನು ಎತ್ತಿಕೊಂಡ. "ಅಯ್ಯೋ, ಸಾಹೇಬರಿಗೆ ನಿಜ ಹೇಳಿಬಿಡ್ತೀನಿ. ಹೇಳಿದ್ರೆ ಉಗ್ರಾಣವೇ ಗತಿ..."

"ಹೇಳದಿದ್ರೂ ಅದೇ. ಸ್ಪೀಕರಲ್ಲಿ ನಾನೂ ಕೇಳಿದೆನಲ್ಲ. 'ನೂರಕ್ಕೆ ನೂರು ಬಂದಮೇಲೆ ಅಳೆಯೋಕೆ ಆಳು ಯಾಕೆ? ನಾಳೆಯಿಂದ ಉಗ್ರಾಣಕ್ಕೆ ಬನ್ನಿ, ಒಪ್ಪಿಗೆ ತಾನೇ' ಅಂದ್ರು. ನೀವು ಖುಷಿಯಾಗಿ ಹೂಂ ಅಂದ್ರಿ. ಕೇಳಿಸ್ತಾ ಈಗ?"

ಕಿಟಕಿಯಾಚೆ ಸಂಜೆಯ ಮೋಡವೊಂದು ಹಾದುಹೋಗುತ್ತಿತ್ತು.

"ಹೂಂ" ಎಂದ ಹೂಂರಾಯ.