ಹುಳದ ಮನೆಯಲ್ಲಿಟ್ಟ ಇನ್ಸುಲಿನ್ ಬಾಟ್ಲಿ

ನಾನು ಹೆದರುವುದು ಎರಡಕ್ಕೆ ಮಾತ್ರ. ಒಂದು, ರೇಷ್ಮೆ ಹುಳಕ್ಕೆ ಬರುವ ಸುಣ್ಣಕಟ್ಟು ರೋಗ. ಇನ್ನೊಂದು, ಇಂಜೆಕ್ಷನ್ ಸೂಜಿ. ಹಾವನ್ನು ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಸಾಡಿದವಳು ನಾನು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ನಡುವೆ ನಿಂತು ಜಗಳ ಗೆದ್ದವಳು. ಆದರೆ ಸೂಜಿ ಕಂಡರೆ ಓಟ ಕಿತ್ತವಳೂ ನಾನೇ. ಹಿಂದೆ ಊರಿಗೆ ಕಾಲರಾ ಸೂಜಿ ಹಾಕುವವರು ಬಂದಾಗ ಹಿಪ್ಪುನೇರಳೆ ತೋಟದಲ್ಲಿ ಅಡಗಿ ಕೂತು, ಅವರ ಜೀಪು ಹೋದ ಸದ್ದು ಕೇಳಿದ ಮೇಲೇ ಎದ್ದು ಬಂದಿದ್ದೆ. ಮಕ್ಕಳಿಗೆ ಮಾತ್ರ ಮೊದಲೇ ಹಾಕಿಸಿದ್ದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಅಷ್ಟು ಬುದ್ಧಿ ಸಾಕಲ್ಲವೆ.

ಇಂಥವಳ ಮೊಮ್ಮಗಳಿಗೆ ದೇವರು ದಿನಾ ಸೂಜಿ ಬೇಡುವ ಕಾಯಿಲೆ ಕೊಟ್ಟ. ನನ್ನ ಮಗನ ಮಗಳು ಶಶಿಗೆ ಹತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವ ಜಾತಿಯದಲ್ಲ. ಇದು ಮಾತ್ರೆಗೆ ಬಗ್ಗುವುದಿಲ್ಲ, ಇನ್ಸುಲಿನ್ ನಿಲ್ಲಿಸಿದರೆ ಮಗು ಉಳಿಯುವುದಿಲ್ಲ, ಬಾಟ್ಲಿಯನ್ನು ತಂಪಾದ ಕಡೆ ಇಡಿ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿ ಕಳಿಸಿದರು. ಎಂಬತ್ತರ ಆ ಕಾಲದಲ್ಲಿ ನಮ್ಮೂರಿನಲ್ಲಿ ಫ್ರಿಜ್ಜು ಯಾರ ಮನೆಯಲ್ಲಿತ್ತು? ತಂಪು ಅಂತ ಇದ್ದದ್ದು ಹುಳದ ಮನೆಯೊಂದೇ. ಹುಳಕ್ಕೆ ಸೆಕೆ ತಾಗಬಾರದೆಂದು ಅದರ ಕಿಟಕಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿರುತ್ತಿದ್ದೆವು. ಅಲ್ಲೇ ಮೂಲೆಯಲ್ಲಿ ಮಡಕೆಗೆ ಒದ್ದೆ ಮರಳು ತುಂಬಿ, ಬಾಟ್ಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೂತಿಟ್ಟೆವು. ಬೆಳಿಗ್ಗೆ ಸಂಜೆ ನನ್ನ ಸೊಸೆ ಸರೋಜ ಗಾಜಿನ ಸಿರಿಂಜು ಕುದಿಸಿ ಮಗಳಿಗೆ ಚುಚ್ಚುತ್ತಿದ್ದಳು. ನಾನು ಅಷ್ಟು ಹೊತ್ತು ಸೌದೆ ಎಣಿಸುವವಳಂತೆ ಒಲೆಯ ಕಡೆ ತಿರುಗಿ ಕೂರುತ್ತಿದ್ದೆ. ಉಚ್ಚೆ ಪರೀಕ್ಷೆಯೂ ಮನೆಯಲ್ಲೇ. ಗಾಜಿನ ಕೊಳವೆಯಲ್ಲಿ ನೀಲಿ ಮದ್ದಿಗೆ ಕೆಲವು ಹನಿ ಬಿಟ್ಟು ಕಾಯಿಸಬೇಕು. ನೀಲಿಯಾಗೇ ಉಳಿದರೆ ಒಳ್ಳೆಯದು, ಹಸಿರಾದರೆ ಪರವಾಗಿಲ್ಲ, ಹಳದಿ ದಾಟಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಏರಿ ಕೂತಿದೆ ಎಂದು ಅರ್ಥ.

ಹುಳದ ಮನೆಗೆ ನಾನೇ ಯಜಮಾನಿ. ಕೈಕಾಲು ತೊಳೆಯದೆ ಯಾರೂ ಒಳಗೆ ಬರಬಾರದು, ಒಗ್ಗರಣೆ ಘಾಟು ನುಗ್ಗಬಾರದು, ಮುಟ್ಟಾದವರು ಹೊಸಿಲು ದಾಟಬಾರದು. ದಾಟಿದರೆ ಹುಳ ಗೂಡು ಕಟ್ಟುವುದಿಲ್ಲ ಎಂದು ನನಗೆ ನಮ್ಮತ್ತೆ ಹೇಳಿದ್ದರು, ಅವರಿಗೆ ಅವರತ್ತೆ ಹೇಳಿದ್ದರು. ಹುಳವನ್ನು ಯಾರೂ ಕೇಳಿರಲಿಲ್ಲ.

ಶಶಿ ಮೈನೆರೆದದ್ದು ಹುಳ ಕೊನೆಯ ಪೊರೆ ಕಳಚಿ, ಹಗಲಿರುಳೂ ಸೊಪ್ಪು ತಿನ್ನುವ ವಾರದಲ್ಲಿ. ಹಿತ್ತಿಲಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿ ಹುಡುಗಿಯನ್ನು ಕೂರಿಸಿದೆವು. ಚಿಂತಾಮಣಿಯಿಂದ ನನ್ನ ನಾದಿನಿ ಪಾಪಮ್ಮ ಚಿಗಳಿ, ಕೊಬ್ಬರಿ, ಬೆಲ್ಲ ಹೊತ್ತುಕೊಂಡು ಬಂದಿಳಿದಳು. ಚಿಗಳಿ ಎಂದರೆ ಎಳ್ಳಿಗಿಂತ ಬೆಲ್ಲವೇ ಹೆಚ್ಚಿರುವ ಉಂಡೆ.

"ಮಗೀಗೆ ಸಕ್ಕರೆ ಕಾಯ್ಲೆ ಕಣೇ ಪಾಪಮ್ಮ" ಎಂದೆ.

"ಸಕ್ಕರೆ ತಾನೆ ಆಗದು ವದಿನಾ? ನಾನು ತಂದಿರೋದು ಬೆಲ್ಲ. ಕೂತಿರೋ ಹುಡ್ಗೀಗೆ ಇದು ತಿನ್ನಿಸ್ದೆ ಇದ್ರೆ ಸೊಂಟಕ್ಕೆ ಬಲ ಎಲ್ಲಿಂದ ಬರ್ತದೆ?"

ಇನ್ನೊಂದು ತೊಡಕು ಸೂಜಿಯದು. ಗುಡ್ಲಲ್ಲಿ ಕೂತವಳನ್ನು ಮುಟ್ಟಿದರೆ ಸ್ನಾನ ಮಾಡದೆ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ಮೊದಲ ದಿನ ಸರೋಜ ಎರಡು ಹೊತ್ತೂ ಮಗಳಿಗೆ ಚುಚ್ಚಿ, ಎರಡು ಹೊತ್ತೂ ತಲೆಗೆ ನೀರು ಹುಯ್ದುಕೊಂಡಳು. ಮಾರನೆಯ ದಿನ ಸೀನಿ ಸೀನಿ ಸುಸ್ತಾದಳು. ಪಾಪಮ್ಮ ತೀರ್ಪು ಕೊಟ್ಟೇಬಿಟ್ಟಳು. "ಒಂದಿನ ಬಿಟ್ರೆ ಏನೂ ಆಗಲ್ಲ, ಸುಮ್ನಿರು ಸರೋಜಾ." ನಾನು ಸೊಪ್ಪು ಹಾಕಿ ಬರುತ್ತೇನೆ, ಆಮೇಲೆ ನೋಡೋಣ ಎಂದೆ. ಆ ವಾರದಲ್ಲಿ ಸೊಪ್ಪು ಹಾಕಿ ಮುಗಿಯುವುದು ಅಂತ ಇರುವುದಿಲ್ಲ. ಅವತ್ತು ಎರಡು ಹೊತ್ತಿನ ಸೂಜಿಯೂ ತಪ್ಪಿತು.

ಅದರ ಮಾರನೆಯ ಬೆಳಿಗ್ಗೆ ಶಶಿ ಚೊಂಬಿನ ಮೇಲೆ ಚೊಂಬು ನೀರು ಕುಡಿದಳು, ಕುಡಿದದ್ದನ್ನೆಲ್ಲ ವಾಂತಿ ಮಾಡಿದಳು. ಕೊಳವೆ ಕಾಯಿಸಿದರೆ ಇಟ್ಟಿಗೆ ಬಣ್ಣ. ನಾನು ಸೊಪ್ಪಿನ ಪುಟ್ಟಿ ಹಿಡಿದು ಹುಳದ ಮನೆಯ ಬಾಗಿಲಲ್ಲಿದ್ದೆ. ನೋಡಿದರೆ ಹುಡುಗಿ ಗುಡ್ಲು ಬಿಟ್ಟು, ಗೋಡೆ ಹಿಡಿದುಕೊಂಡು ನನ್ನ ಕಡೆಗೇ ಬರುತ್ತಿದ್ದಾಳೆ.

"ಎಲ್ಲಿಗಮ್ಮ?"

"ಬಾಟ್ಲಿ ತಗೊಳ್ಳೋಕೆ."

"ನಿಂತ್ಕೊ, ನಾನು ತಂದ್ಕೊಡ್ತೀನಿ."

"ನಿನ್ನೇನೂ ಹಂಗೇ ಅಂದೆ. ಹುಳಕ್ಕಾದ್ರೆ ಒಂದು ಹೊತ್ತೂ ತಪ್ಪಿಸಲ್ಲ ನೀನು. ನನಗೂ ಹೊತ್ತು ಅಂತ ಇದೆ ಕಣಜ್ಜಿ. ದಾರಿ ಬಿಡು."

ನನಗೆ ದಾರಿ ಬಿಡು ಎಂದವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ನನ್ನ ಗಂಡನನ್ನೂ ಸೇರಿಸಿ. ಬಿಟ್ಟೆ. ಅವಳು ತೊಟ್ಟಿಯ ಹತ್ತಿರ ನಿಂತು ಕೈಕಾಲು ತೊಳೆದಳು. ಅಷ್ಟು ಸಂಕಟದಲ್ಲೂ ನನ್ನ ಆ ನಿಯಮ ಮರೆಯಲಿಲ್ಲ. ಒಳಗೆ ಹೋಗಿ, ಹುಳದ ತಟ್ಟೆಗಳ ನಡುವೆ ನಡೆದು, ಮರಳಿನಿಂದ ಬಾಟ್ಲಿ ತೆಗೆದುಕೊಂಡು ಬಂದಳು. ಸರೋಜ ಸಿರಿಂಜು ಕುದಿಸಿ ತಂದಳಾದರೂ ಸೀನು ನಿಲ್ಲದೆ ಚುಚ್ಚಲಾಗಲಿಲ್ಲ. "ಕೊಡಮ್ಮ" ಎಂದು ಶಶಿಯೇ ಇಸಿದುಕೊಂಡಳು. ಅಲ್ಲಿಯವರೆಗೆ ಒಮ್ಮೆಯೂ ತಾನೇ ಚುಚ್ಚಿಕೊಂಡವಳಲ್ಲ. ಮದ್ದು ಎಳೆದಳು, ಉಗುರಿನಲ್ಲಿ ತಟ್ಟಿ ಗಾಳಿಗುಳ್ಳೆ ಓಡಿಸಿದಳು, ತೊಡೆಯನ್ನು ಚಿಮುಟಿ ಹಿಡಿದು ಚುಚ್ಚಿದಳು. ಸೂಜಿ ಒಳಗೆ ಹೋಗುವುದನ್ನು ಜೀವಮಾನದಲ್ಲಿ ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಕೈಯಲ್ಲಿದ್ದ ಪುಟ್ಟಿ ಯಾವಾಗ ಬಿತ್ತೋ ಗೊತ್ತಿಲ್ಲ. ಅಷ್ಟೇ ಅಷ್ಟಿದ್ದ ಹುಡುಗಿಯೊಳಗೆ ಅಷ್ಟು ಗಟ್ಟಿ ಜೀವವನ್ನು ಯಾವಾಗ ಯಾರು ಇಟ್ಟರು?

ತಕ್ಷಣ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಲೈನು, ಇನ್ಸುಲಿನ್ನು ಎಲ್ಲ ಏರಿಸಿ ಉಳಿಸಿಕೊಟ್ಟರು. ಬೆಳೆಯುವ ಮೈಗೆ ಮದ್ದು ಇನ್ನೂ ಹೆಚ್ಚು ಬೇಕು, ಜ್ವರ ಬರಲಿ, ಹಬ್ಬ ಬರಲಿ, ಗುಡ್ಲಲ್ಲೇ ಕೂರಲಿ, ಸೂಜಿ ಮಾತ್ರ ನಿಲ್ಲಕೂಡದು ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು. ಮನೆಗೆ ಬಂದ ಮೇಲೆ ಶಶಿಯದೇ ಆಡಳಿತ. ಮುದ್ದೆಯ ಗಾತ್ರ ಅವಳು ಹೇಳಿದಷ್ಟು, ಊಟ ಅವಳು ಹೇಳಿದ ಹೊತ್ತಿಗೆ. ಕೊಳವೆ ಇಟ್ಟಿಗೆಯಿಂದ ಹಳದಿಗೆ ಬಂತು, ಹಸಿರಿಗೆ ಬಂತು, ಒಂದು ಬೆಳಿಗ್ಗೆ ಕಾಯಿಸಿದರೂ ನೀಲಿಯಾಗೇ ನಿಂತಿತು. ಚಿನ್ನದ ಬಣ್ಣದ ಗೂಡನ್ನು ರಾಶಿ ರಾಶಿ ಕಂಡವಳು ನಾನು. ಆ ನೀಲಿಯ ಮುಂದೆ ಅದೆಲ್ಲ ಏನೂ ಅಲ್ಲ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದೆ. "ಅಜ್ಜಿ, ಅದು ನನ್ನ ಉಚ್ಚೆ, ತೀರ್ಥ ಅಲ್ಲ, ಕೆಳಗಿಡು" ಎಂದಳು ಶಶಿ.

ಹುಳ ಏನಾಯಿತು ಎನ್ನುತ್ತೀರಾ? ಒಳ್ಳೆ ಗಟ್ಟಿ ಗೂಡು ಕಟ್ಟಿದವು. ನಮ್ಮತ್ತೆ ಹೇಳಿದ್ದು ಅವಕ್ಕೆ ತಿಳಿದಿರಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ಸೊಪ್ಪು ಕೊಯ್ಯುವಾಗ ಕುಡುಗೋಲು ನನ್ನ ಕಾಲಿಗೆ ತಾಗಿತು. ನಾನು ತೋಟದೊಳಗೆ ಅಡಗುವಷ್ಟರಲ್ಲಿ ಶಶಿ ರಟ್ಟೆ ಹಿಡಿದು ಶಿಡ್ಲಘಟ್ಟದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಈ ಹುಡುಗಿ ದಿನಾ ಚುಚ್ಚಿಕೊಳ್ಳುತ್ತಾಳೆ, ನಾನು ಒಂದು ಸಲ ತಡೆದುಕೊಳ್ಳಲಾರೆನೆ ಎಂದು ಗಟ್ಟಿ ಮನಸ್ಸು ಮಾಡಿ ತೋಳು ಚಾಚಿದೆ. ತಣ್ಣಗೆ ತಾಗಿದ್ದೇ ತಡ, ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಲ್ಲುವ ಹಾಗೆ ಕೂಗಿಕೊಂಡೆ.

ಶಶಿ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. "ಅಜ್ಜಿ, ಅದು ಹತ್ತಿ ಕಣೇ. ಸೂಜಿ ಇನ್ನೂ ನರ್ಸಮ್ಮನ ಕೈಲೇ ಇದೆ."