ಇದ್ದಿಲ ಡಬ್ಬಿಗೆ ಪೆಟ್ರೋಲ್ ಕುಡಿಸಿದ ಅತ್ತಿ

ಕಾರಿಗೆ ಶಿಕ್ಷೆ ಕೊಟ್ಟವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವಳು ನನ್ನ ಖಾಸಾ ಸೋದರತ್ತೆ! ಚಾಲೂ ಆಗಲಿಲ್ಲವೆಂಬ ಒಂದೇ ತಪ್ಪಿಗೆ ತನ್ನ ಕಾರನ್ನು ನನ್ನ ಕೈಯಿಂದಲೂ ಪಕ್ಕದ ಮನೆಯವರ ಕೈಯಿಂದಲೂ ತಳ್ಳಿಸಿ, ಕಂಪೌಂಡ್ ಗೋಡೆಗೆ ಮುಖ ಮಾಡಿಸಿ ಎರಡು ದಿನ ನಿಲ್ಲಿಸಿದ್ದಳು. "ನಿಂತು ವಿಚಾರ ಮಾಡ್ಲಿ" ಅಂದಳು. ಮೂರನೆಯ ದಿನ ಕೀಲಿ ತಿರುವಿದರೆ ಆ ದರಿದ್ರ ಕಾರು ಒಂದೇ ಏಟಿಗೆ ಚಾಲೂ ಆಗಿಬಿಡಬೇಕೆ! ಆಮೇಲೆ ಅತ್ತಿಯನ್ನು ಹಿಡಿಯುವವರು ಯಾರು?

ಅತ್ತಿಯ ಮನೆ ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು, ಅದರಲ್ಲಿ ಬಹುಪಾಲು ಸಗರದ ಸಾಲಿಯಲ್ಲಿ. ಮದುವೆ ಆಗಲಿಲ್ಲ, "ಒಂದು ಕ್ಲಾಸಿನಾಗ ಅರವತ್ತು ಮಕ್ಕಳು ಸಾಕು" ಅನ್ನುತ್ತಿದ್ದಳು. ರಿಟೈರ್ ಆದ ಮೇಲೆ ಅವಳ ವಾರಗೆಯವರೆಲ್ಲ ಮೊಣಕಾಲು ನೋವು ಹಿಡಿದು ಕೂತರೆ, ಇವಳು ಕಾರು ಕಲಿತಳು. ಬೇರೆಯವರು ಬಳಸಿ ಬಿಟ್ಟ ಒಂದು ಸಣ್ಣ ಬಿಳಿ ಪೆಟ್ರೋಲ್ ಕಾರು ತಗೊಂಡಳು. ಅದರ ಡ್ಯಾಶ್‌ಬೋರ್ಡ್ ಮೇಲೆ ಒಂದು ಪುಟ್ಟ ಬುದ್ಧ. ಅತ್ತಿ ಗೇರು ಬದಲಿಸುವಾಗ ಆ ಕಾರಿನಲ್ಲಿ ಶಾಂತವಾಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದವನು ಅವನೊಬ್ಬನೇ!

ಅತ್ತಿಗೆ ಅರೆಬರೆ ಅಂದರೆ ಆಗದು. ಚಹಾ ಕೊಟ್ಟರೆ ಕಪ್ಪು ತುಂಬಿ ಕೆಳಗಿನ ಬಸಿಗೂ ಇಳಿಯಬೇಕು. ಎಣ್ಣೆಗಾಯಿ ಬಡಿಸಿದರೆ ರೊಟ್ಟಿ ಕಾಣಬಾರದು. ಪೆಟ್ರೋಲ್ ಬಂಕಿನಲ್ಲೂ ಅದೇ ಕಾಯಿದೆ. ಪೈಪು 'ಟಕ್' ಅಂತ ತಾನೇ ನಿಂತರೆ ಜಗಳ ಶುರು.

"ಟ್ಯಾಂಕ್ ಫುಲ್ ಆಯ್ತ್ರಿ ಟೀಚರ್."

"ಯಾರು ಹೇಳಿದ್ರು?"

"ಮಷೀನ್ ಹೇಳ್ತದ್ರಿ."

"ಮಷೀನ್ ಯಾವ ಸಾಲಿ ಕಲತದ? ನನ್ನ ಕಣ್ಣಿಗಿ ಕಾಣೂತನಾ ಹಾಕು!"

ಬಾಗಿ ಟ್ಯಾಂಕಿನ ಬಾಯಲ್ಲಿ ಇಣುಕಿ, ಪೆಟ್ರೋಲು ಮಿನುಗುವುದು ಕಂಡ ಮೇಲೆಯೇ ಮುಚ್ಚಳ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಕಾರು ತಕರಾರು ತೆಗೆಯಿತು. ಪೆಟ್ರೋಲ್ ಹಾಕಿಸಿದ ಕೂಡಲೇ ಚಾಲೂ ಆಗಲೊಲ್ಲದು. ಮೀಟರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಅತ್ತಿ ಅದರ ಮೇಲೆ ಹಣೆಗಿಡುವ ಒಂದು ದೊಡ್ಡ ಟಿಕಳಿ ಅಂಟಿಸಿದಳು, ದೀಪದ ಕಥೆ ಮುಗಿಯಿತು! ಆದರೆ ವಾಸನೆಗೆ ಟಿಕಳಿ ಎಲ್ಲಿ ಅಂಟಿಸುವುದು? ಕಿಟಕಿ ಏರಿಸಿದರೆ ಒಳಗೆ ಪೆಟ್ರೋಲಿನ ಘಾಟು. ಅತ್ತಿ ಲಿಂಬೆಹಣ್ಣು ಇಟ್ಟಳು, ಬೇವಿನ ಸೊಪ್ಪು ಇಟ್ಟಳು, ಕೊನೆಗೆ ನುಸಿಗುಳಿಗೆ ಕಟ್ಟಿದಳು. ಎಲ್ಲ ಸೇರಿ ಎಂಥ ವಾಸನೆ ಹುಟ್ಟಿತೆಂದರೆ, ಸುರಪುರದಿಂದ ಹೊರಟ ನಾನು ಶಹಾಪುರ ಬರುವುದರೊಳಗೆ ತಲೆ ಹೊರಗೆ ಹಾಕಿ ಉಸಿರಾಡುತ್ತಿದ್ದೆ.

"ಅತ್ತಿ, ವಾಸನಿ ಭಾಳ ಬರಾಕತ್ತದ."

"ಪೆಟ್ರೋಲ್ ಗಾಡಿ ಪೆಟ್ರೋಲ್ ವಾಸನಿನೇ ಬರ್ತದ. ಮಲ್ಲಿಗಿ ವಾಸನಿ ಬರಬೇಕೇನು?"

ಒಂದು ದಿನ ಕಾರು ಶಹಾಪುರದ ಬಂಕಿನಲ್ಲೇ ಹಟ ಹಿಡಿದು ನಿಂತಿತು. ಹತ್ತಿರದ ಗ್ಯಾರೇಜಿನಿಂದ ಮಿಸ್ತ್ರಿ ಬಂದ. ನಲವತ್ತರ ಆಸುಪಾಸು, ಅರ್ಧ ನೆರೆತ ಗಡ್ಡ. ಅತ್ತಿಯನ್ನು ಕಂಡವನೇ ಕೈ ಒರೆಸಿಕೊಂಡು ನೆಟ್ಟಗೆ ನಿಂತ. ಸಗರದಲ್ಲಿ ಅವಳ ವಿದ್ಯಾರ್ಥಿ! ಕಾರನ್ನು ಗ್ಯಾರೇಜಿಗೆ ತಳ್ಳಿಸಿಕೊಂಡು ಹೋಗಿ, ಬಾನೆಟ್ ಎತ್ತಿ, ಸಣ್ಣ ವಾಲ್ವ್ ಒಂದನ್ನು ಬಿಚ್ಚಿ ಅದಕ್ಕೊಂದು ಪೈಪಿನ ತುಂಡು ಸಿಕ್ಕಿಸಿ ಊದಿದ.

"ಇದು ಮುಚ್ಚಿರಬೇಕ್ರಿ ಟೀಚರ್. ಗಾಳಿ ಸರಾಗ ಹೊಂಟದ. ಕೆಟ್ಟದ."

"ಕೊಡಿಲ್ಲಿ" ಅಂತ ಅತ್ತಿ ಕಸಿದುಕೊಂಡು, ಅವನು ಬೇಡ ಬೇಡ ಅನ್ನುವುದರೊಳಗೆ ತಾನೂ ಊದಿದಳು. ಐದು ನಿಮಿಷ ಕೆಮ್ಮಿದಳು. ಆಮೇಲೆ, "ಹೌದು, ಹೋಗ್ತದ" ಎಂದು ಒಪ್ಪಿಗೆ ಕೊಟ್ಟಳು.

ಆಮೇಲೆ ಅವನು ಕಪ್ಪು ಡಬ್ಬಿಯೊಂದನ್ನು ಹೊರತೆಗೆದು ಬಗ್ಗಿಸಿದ. ಪೈಪಿನಿಂದ ತೊಟ್ಟು ತೊಟ್ಟು ಪೆಟ್ರೋಲು ಇಳಿಯಿತು.

"ಇದರಾಗ ಇದ್ದಿಲದ್ರಿ. ಟ್ಯಾಂಕಿನಾಗಿನ ಹಬಿ ಹೊರಗ ಹೋಗಬಾರ್ದಂತ ಇದು ಹಿಡದಿಟ್ಟುಕೋತದ. ಗಾಡಿ ಓಡುವಾಗ ವಾಲ್ವ್ ತಗದು ಆ ಹಬಿನ ಎಂಜಿನ್ ಎಳಕೋತದ, ಸುಡ್ತದ. ಹಬಿ ಕುಡಿಯೋ ಡಬ್ಬಿಗಿ ಯಾರೋ ಪೆಟ್ರೋಲೇ ಕುಡಸ್ಯಾರ. ಟಕ್ ಅಂದ ಮ್ಯಾಲೂ ತುಂಬಿಸ್ತಾರಲ್ಲ, ಅಂಥವರು."

ಯಾರೋ! ಅವನ ಸಭ್ಯತೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಡಬ್ಬಿ, ವಾಲ್ವ್, ಬಿರುಕು ಬಿಟ್ಟ ರಬ್ಬರ್ ಪೈಪು, ಮೂರನ್ನೂ ಬದಲಿಸಬೇಕು ಅಂದ. ಅತ್ತಿ ಒಪ್ಪಲಿಲ್ಲ.

"ಇದ್ದಿಲು ಒಣಗಿಸಿದ್ರ ಮತ್ತ ಕೆಲಸಕ್ಕ ಬರ್ತದ. ಎಂಟನೇ ಕ್ಲಾಸಿನಾಗ ನಾನೇ ಕಲಿಸೀನಿ ನಿನಗ!"

"ಆವತ್ತು ನಾ ಸಾಲಿಗಿ ಬಂದಿದ್ದಿಲ್ಲ ಕಾಣ್ತದ್ರಿ" ಅಂದ ಪಾಪ.

ಕಾರು ಗ್ಯಾರೇಜಿನಲ್ಲೇ ಉಳಿಯಿತು. ಡಬ್ಬಿ ಮಾತ್ರ ಅತ್ತಿಯ ಚೀಲದಲ್ಲಿ ಬಸ್ಸು ಹತ್ತಿ ರಂಗಂಪೇಟೆಗೆ ಬಂದು, ಮಾಳಿಗೆಯ ಮೇಲೆ ಸಂಡಿಗೆಗಳ ಪಕ್ಕ ಬಿಸಿಲು ಕಾಯಿಸತೊಡಗಿತು. ಆ ವರ್ಷದ ಸಂಡಿಗೆಯನ್ನು ನಾವ್ಯಾರೂ ತಿನ್ನಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತಿಯ ಫೋನು. "ನಿನ್ನ ಗಾಡಿ ತಗೊಂಡು ಬಾ. ಯಾದಗಿರಿಗಿ ಹೋಗಬೇಕು."

ಅತ್ತಿಯ ಗುರುವಾರದ ಯಾದಗಿರಿ ಸವಾರಿ ನಮ್ಮ ಬಳಗದಲ್ಲಿ ಪ್ರಸಿದ್ಧ. ಏಕೆ ಹೋಗುತ್ತಾಳೆಂದು ಕೇಳಿದರೆ, "ಕೆಲಸದ" ಅನ್ನುತ್ತಿದ್ದಳು. ಅಲ್ಲಿನ ಮಿರ್ಚಿ ಭಜಿಗೆ ಅಂತ ನಮ್ಮಪ್ಪ, ಸುಮ್ಮನೆ ಪೆಟ್ರೋಲ್ ಸುಡಾಕ ಅಂತ ನಮ್ಮ ಕಾಕಾ. ನಾನು ಅಪ್ಪನ ಪಕ್ಷ.

ಅವತ್ತು ಅತ್ತಿ ಗಾಡಿಯನ್ನು ಮೊದಲು ಸಗರಕ್ಕೆ ತಿರುಗಿಸು ಅಂದಳು. ಒಂದು ಮನೆಯ ಕಟ್ಟೆಯ ಮೇಲೆ ಒಬ್ಬ ಬಡಕಲು ಮುದುಕಿ ವಯರ್ ಬುಟ್ಟಿ ಹಿಡಿದು ಕೂತಿದ್ದಳು. ಅತ್ತಿಯ ಸಾಲಿಯಲ್ಲಿ ಅಡಿಗೆ ಮಾಡುತ್ತಿದ್ದವಳು. ಈಗ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಸಲ ಯಾದಗಿರಿಯಲ್ಲಿ ಡಯಾಲಿಸಿಸ್. ಸೋಮವಾರ ಮಗ ಬೈಕ್ ಮೇಲೆ ಕರೆದೊಯ್ಯುತ್ತಾನೆ. ಗುರುವಾರ ಟೀಚರ್. ಒಂದೂವರೆ ವರ್ಷದಿಂದ!

ಮಿರ್ಚಿ ಭಜಿಯ ಪಕ್ಷ ಬಿಟ್ಟು ನಾನು ಇಳಿದು ಕಾರಿನ ಹಿಂದಿನ ಬಾಗಿಲು ತೆಗೆದೆ. ಮುದುಕಿ ಹಿಂದೆ ಕೂತು, ಊರು ದಾಟಿದ ಮೇಲೆ ನಿರಾಳವಾಗಿ ಅಂದಳು, "ಈ ಗಾಡಿನಾಗ ವಾಸನಿನೇ ಇಲ್ಲ ನೋಡ್ರಿ."

ಅತ್ತಿ ಗಕ್ಕನೆ ತಿರುಗಿದಳು. "ಅಂದ್ರ? ನನ್ನ ಗಾಡಿನಾಗ ನಿನಗ ತ್ರಾಸ ಆಗ್ತಿತ್ತೇನು?"

"ಇಲ್ರಿ, ಹಂಗೇನಿಲ್ಲ..."

"ದಾರಿನಾಗ ವಾಂತಿ ಮಾಡ್ಕೋತಿದ್ದಿ. ಜಡ್ಡಿಂದ ಅಂತಿದ್ದಿ."

"ಜಡ್ಡಿಂದನೂ ಬರ್ತದ್ರಿ." ಮುದುಕಿ ಸೆರಗಿನ ತುದಿ ಹಿಂಡುತ್ತ ಕೂತಳು. "ಹೇಳಿದ್ರ ನೀವು ಮನಸಿಗಿ ಹಚ್ಕೋತೀರಿ ಅಂತ ಸುಮ್ನಿದ್ದೆ. ನೀವು ಬರೂದು ಬಿಟ್ರ ನಾ ಯಾರಿಗಿ ಕೇಳ್ಲಿ?"

ಅತ್ತಿ ಮುಂದಕ್ಕೆ ತಿರುಗಿ, ಭೀಮಾ ನದಿಯ ಸೇತುವೆ ದಾಟುವವರೆಗೂ ತನ್ನ ಸೀರೆಯನ್ನೇ ಮೂಸಿ ಮೂಸಿ ನೋಡಿದಳು.

ಸಂಜೆ ಮುದುಕಿಯನ್ನು ಮನೆಗೆ ಬಿಟ್ಟು, ಅತ್ತಿ ನನ್ನನ್ನು ಶಹಾಪುರದ ಗ್ಯಾರೇಜಿಗೆ ಹೊರಳಿಸಿದಳು.

"ಡಬ್ಬಿ, ವಾಲ್ವ್, ಪೈಪು, ಎಲ್ಲಾ ಹೊಸಾವು ಹಾಕು. ಬರೂ ಗುರುವಾರದೊಳಗ ಬೇಕು."

ಮಿಸ್ತ್ರಿ ಅವಳ ಮುಖ ನೋಡಿ, "ಆಯ್ತ್ರಿ" ಅಂದ.

"ನಂದು ತಪ್ಪಾಗ್ಯಾದಪ್ಪಾ" ಅಂದಳು ಅತ್ತಿ. ಅವನು ನಟ್ಟು ತಿರುವುವ ಪಾನಾ ಹುಡುಕುವವನಂತೆ ಕಾರಿನ ಅಡಿಗೆ ಹೋಗಿಬಿಟ್ಟ.

ಮುಂದಿನ ಗುರುವಾರ ಯಾರೂ ಕರೆಯದಿದ್ದರೂ ನಾನೂ ಹೊರಟೆ. ಅತ್ತಿ ಓಡಿಸುತ್ತಿದ್ದಳು, ಮುದುಕಿ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಕಿಲೋಮೀಟರಿಗೊಮ್ಮೆ ಅತ್ತಿಯ ಪ್ರಶ್ನೆ: "ವಾಸನಿ ಬರ್ತದೇನು?"

"ಇಲ್ರಿ ಟೀಚರ್."

"ಖರೇ ಹೇಳು."

"ಖರೇನೇ ರಿ."

ಶಹಾಪುರ ದಾಟಿದ ಮೇಲೆ ಒಮ್ಮೆ ಉತ್ತರ ಬರಲಿಲ್ಲ. ಅತ್ತಿ ಗಾಬರಿಯಿಂದ ಪಕ್ಕಕ್ಕೆ ನೋಡಿದಳು. ಮುದುಕಿ ಬಾಯಿ ಅರೆ ತೆರೆದು, ಕತ್ತು ವಾಲಿಸಿ ನಿದ್ದೆ ಹೋಗಿದ್ದಳು.

ಆಸ್ಪತ್ರೆಯ ಆವರಣಕ್ಕೆ ಬಂದು ಅತ್ತಿ ಎಂಜಿನ್ ಆರಿಸಿದಳು. ನಾನು ಮುದುಕಿಯನ್ನು ಎಬ್ಬಿಸಲು ಹೋದರೆ ಕೈ ಹಿಡಿದು ತಡೆದಳು.

"ಎಬ್ಬಸಬ್ಯಾಡ. ಪಾಳಿ ಬರಾಕ ಇನ್ನೂ ಅರ್ಧ ತಾಸದ."

ಎದುರಿನ ಗಾಜಿನಿಂದ ಬಿಸಿಲು ಮುದುಕಿಯ ಕಣ್ಣಿನ ಮೇಲೆ ಬೀಳುತ್ತಿತ್ತು. ಅತ್ತಿ ತನ್ನ ಅಂಗೈಯನ್ನು ಅವಳ ಮುಖದ ಮುಂದೆ ಅಡ್ಡ ಹಿಡಿದಳು. ಆ ಕೈ ಸೋತಾಗ ಇನ್ನೊಂದು ಕೈ ಹಿಡಿದಳು.